ಯಾರೂ ಮುಟ್ಟದ ಚೀಲ

ದೊಡ್ಡಬಸವರಾಜ ಸಾವುಕಾರ ಪಿಸ್ತೂಲನ್ನು ಸೊಂಟದಿಂದ ಎಳೆದು ಟೇಬಲ್ಲಿನ ಮೇಲೆ ಇಟ್ಟಾಗ ಅಲ್ಲಿ ಯಾರದೋ ಮದುವೆಯ ರೇಷ್ಮೆ ಜುಬ್ಬದ ಬಟ್ಟೆ ಹರಡಿತ್ತು. ಎಣ್ಣೆಜಿಡ್ಡು ತಾಗಿ ಬಟ್ಟೆಗೆ ರೂಪಾಯಿಯಗಲ ಕಲೆಯಾಯಿತು. ಸಾವುಕಾರ ಅದನ್ನು ನೋಡಲೂ ಇಲ್ಲ. ದರ್ಜಿ ಉಜ್ಜಿನಪ್ಪ ನೋಡಿದ, ಹಲ್ಲು ಕಚ್ಚಿದ, ಬಟ್ಟೆಯನ್ನು ಮೆಲ್ಲಗೆ ಕೆಳಗಿನಿಂದ ಎಳೆದುಕೊಂಡ.

‘ಗುಂಡು ಐತೇನ್ರಿ ಒಳಗ?’ ಎಂದು ಕೇಳಿದ.

‘ಗುಂಡು ಇಲ್ದ ಇಟ್ಕಂಡು ಏನ್ ಮಾಡ್ಲೋ, ಮಸಾಲಿ ಅರೀಲೇನು?’ ಎಂದು ಸಾವುಕಾರ ನಕ್ಕ. ಹಿಂದೆ ನಿಂತಿದ್ದ ಡ್ರೈವರ್ ದುರ್ಗೇಶನೂ ಸಂಬಳಕ್ಕೆ ತಕ್ಕಷ್ಟು ನಕ್ಕ.

ಉಜ್ಜಿನಪ್ಪ ಬಳ್ಳಾರಿಯ ಬ್ರೂಸ್‌ಪೇಟೆಯ ಒಂದು ಸಂದಿಯಲ್ಲಿ ಮೂವತ್ತು ವರ್ಷದಿಂದ ಗಂಡಸರ ಬಟ್ಟೆ ಹೊಲಿಯುತ್ತಿದ್ದವನು. ಮನೆ ಕುರುಗೋಡಿನಲ್ಲಿ. ಬೆಳಿಗ್ಗೆ ಬಸ್ಸಿಗೆ ಬರುವುದು, ಸಂಜೆ ಬಸ್ಸಿಗೆ ಹೋಗುವುದು. ಬಳ್ಳಾರಿಗೆ ಬಳ್ಳಾರಿಯೇ ಜೀನ್ಸ್ ಹೊಲಿಯಲು ನಿಂತಾಗಲೂ ಅವನು ಮಾತ್ರ ಜುಬ್ಬ, ಪೈಜಾಮ ಬಿಡಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವನು ಮತ್ತು ಅಕ್ಕ ಚನ್ನವೀರಮ್ಮ ಇಬ್ಬರೇ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳೂ ಈ ಅಕ್ಕನೇ.

ಅವನಿಗೆ ಒಂದು ಹೆಮ್ಮೆಯಿತ್ತು, ಅದನ್ನು ಯಾರ ಮುಂದೂ ಆಡುತ್ತಿರಲಿಲ್ಲ. ಕುರುಗೋಡಿನ ಮಠದಲ್ಲಿ ಪ್ರತಿ ವರ್ಷ ಲಿಂಗದೀಕ್ಷೆ ಪಡೆಯುವವರಿಗೆ ಇಷ್ಟಲಿಂಗ ಇಟ್ಟುಕೊಳ್ಳುವ ಬಟ್ಟೆಯ ಚೀಲಗಳನ್ನು ಅವನೇ ಹೊಲಿದು ಕೊಡುತ್ತಿದ್ದ. ಅದಕ್ಕೆ ಮೊದಲು ಅವನ ಅಪ್ಪ ಹೊಲಿಯುತ್ತಿದ್ದ. ದುಡ್ಡು ಮುಟ್ಟುವ ಮಾತೇ ಇಲ್ಲ. ಆ ದಿನಗಳಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಮಷಿನ್ನಿನ ಹತ್ತಿರಕ್ಕೂ ಹೋಗದೆ ಕೈಯಲ್ಲೇ ಹೊಲಿಯುತ್ತಿದ್ದ. ಗಿರಾಕಿಗೆ ನಾಳೆ ಬಾ ಎಂದು ಹದಿನಾರು ಸಲ ಸುಳ್ಳು ಹೇಳುವ ದರ್ಜಿಯ ಬಾಳಿನಲ್ಲಿ ಸುಳ್ಳಿಲ್ಲದೆ ಮಾಡಿದ ಕೆಲಸ ಅದೊಂದೇ ಎಂದು ಅವನ ಲೆಕ್ಕ. ಆ ಮಠದ ಕಮಿಟಿಗೆ ಈಗ ಅಧ್ಯಕ್ಷನಾಗಿದ್ದವನು ಸಿರುಗುಪ್ಪದಲ್ಲಿ ಎರಡು ಅಕ್ಕಿ ಮಿಲ್ಲು ಇಟ್ಟಿದ್ದ ಇದೇ ದೊಡ್ಡಬಸವರಾಜ.

ಸಾವುಕಾರನಿಗೆ ಪಿಸ್ತೂಲು ಯಾಕೆ ಬೇಕಾಯಿತು ಎಂದು ಕೇಳಿದರೆ ಉತ್ತರ ಸುಲಭ: ಸಿರುಗುಪ್ಪದ ಇನ್ನೊಬ್ಬ ಮಿಲ್ಲಿನವನು ತಗೊಂಡಿದ್ದ. ಅರ್ಜಿಯಲ್ಲಿ ಮಾತ್ರ ‘ಭತ್ತದ ಸುಗ್ಗಿಯಲ್ಲಿ ಓಡಾಡುವಾಗ ಜೀವಭಯ’ ಎಂದು ಬರೆಸಿದ್ದ. ಅವನ ಜೀವಕ್ಕೆ ಇದ್ದ ಭಯವೆಂದರೆ ಸಕ್ಕರೆ ಕಾಯಿಲೆಯದು ಮತ್ತು ಹೆಂಡತಿಯದು. ಲೈಸೆನ್ಸ್ ಕೊಟ್ಟವರು ನಾಲ್ಕು ಜನರ ನಡುವೆ ತೋರಿಸಿಕೊಂಡು ತಿರುಗಬೇಡಿ, ಸಭೆ ಸಮಾರಂಭಕ್ಕೆ ಒಯ್ಯಬೇಡಿ ಎಂದು ಬುದ್ಧಿ ಹೇಳಿ ಕಳಿಸಿದ್ದರು. ಅಂದಿನಿಂದ ಸಾವುಕಾರನಿಗೆ ಬಚ್ಚಿಡುವ ಹುಚ್ಚು ಹಿಡಿಯಿತು. ಎಲ್ಲಿ ಬಚ್ಚಿಟ್ಟಿದ್ದೇನೆ ಎಂಬುದನ್ನು ಹತ್ತು ಜನರ ಕಿವಿಯಲ್ಲಿ ಹೇಳುವ ಹುಚ್ಚು ಅದರ ಬೆನ್ನಿಗೇ ಬಂತು.

‘ಪೌಚು ತರಿಸೀನಿ, ಐದು ನಮೂನಿ. ಯಾವುದು ಹಾಕ್ಕೊಂಡ್ರೂ ಉಬ್ಬು ಕಾಣ್ತೈತಿ. ನಿನ್ನ ಕಣ್ಣು ಚಲೋ ಅದಾವು, ನೋಡಿ ಹೇಳು. ಅದಕ್ಕ ತಕ್ಕಂಗ ಜುಬ್ಬ ಹೊಲಿ,’ ಎಂದ. ದುರ್ಗೇಶ ಚೀಲ ಬೋರಲು ಹಾಕಿದ. ಟೇಬಲ್ಲಿನ ತುಂಬ ಚರ್ಮದ ಪಟ್ಟಿ, ಬಕಲು, ಎಲಾಸ್ಟಿಕ್ಕು.

ಮೊದಲನೆಯದು ಪೈಜಾಮದ ಒಳಗೆ ಸಿಕ್ಕಿಸುವುದು. ಸಾವುಕಾರನಿಗೆ ಸೊಂಟವೆಂಬುದೇ ಇರಲಿಲ್ಲ, ಹೊಟ್ಟೆ ಮುಗಿದಲ್ಲಿ ತೊಡೆ ಶುರುವಾಗುತ್ತಿತ್ತು. ನಿಂತರೆ ಪಿಸ್ತೂಲು ಹೊಟ್ಟೆಯ ಕೆಳಗೆ ಮಾಯ, ಕೂತರೆ ಹಿಡಿಕೆ ಮಾಂಸಕ್ಕೆ ಚುಚ್ಚಿ ‘ಯಪ್ಪಾ’ ಎಂದು ಎದ್ದ. ಬೆನ್ನಿಗೆ ಸಿಕ್ಕಿಸಿದರೆ ಕಾರಿನ ಸೀಟಿಗೆ ಒರಗುವ ಹಾಗಿಲ್ಲ. ಎರಡನೆಯದು ಕಾಲಿಗೆ ಕಟ್ಟುವುದು. ಕಟ್ಟಿಕೊಂಡಿದ್ದೇನೋ ಆಯಿತು, ಬಗ್ಗಿ ತೆಗೆಯಲು ಕೈ ಮೊಣಕಾಲಿನವರೆಗೂ ಹೋಗಲಿಲ್ಲ. ದುರ್ಗೇಶ ಮಂಡಿಯೂರಿ ತೆಗೆದುಕೊಟ್ಟ.

‘ಕಳ್ಳ ಬಂದ್ರ ನಿಂದ್ರಪ್ಪಾ, ಡ್ರೈವರ್‌ನ ಕರೀತೀನಿ ಅಂತೀರೇನ್ರಿ?’ ಎಂದ ಉಜ್ಜಿನಪ್ಪ. ಸಾವುಕಾರನಿಗೆ ಅದು ರುಚಿಸಲಿಲ್ಲ.

ಮೂರನೆಯದು ಕಂಕುಳಲ್ಲಿ ತೂಗಾಡುವುದು, ಅದರ ಮೇಲೆ ಕೋಟು ಬೇಕು. ಬಳ್ಳಾರಿಯ ಏಪ್ರಿಲ್ ಬಿಸಿಲಿನಲ್ಲಿ ಕೋಟು ಹಾಕಿಕೊಂಡವನನ್ನು ಪೊಲೀಸರು ಹಿಡಿಯದಿದ್ದರೂ ಡಾಕ್ಟರು ಹಿಡಿಯುತ್ತಾರೆ. ನಾಲ್ಕನೆಯದು ಹೊಟ್ಟೆಗೆ ಸುತ್ತುವ ಎಲಾಸ್ಟಿಕ್ ಪಟ್ಟಿ, ಬಾಣಂತಿಗೆ ಕಟ್ಟುವ ಹೊಟ್ಟೆಬಟ್ಟೆಯಂಥದ್ದು. ಅದರಡಿ ಎರಡೇ ದಿನಕ್ಕೆ ಬೆವರುಸಾಲೆ ಎದ್ದು ಸಾವುಕಾರನ ಹೊಟ್ಟೆ ಕೆಂಪಗಾಗಿತ್ತು. ‘ನೋಡಿಲ್ಲಿ’ ಎಂದು ಜುಬ್ಬ ಎತ್ತಿ ತೋರಿಸಿದ. ಐದನೆಯದನ್ನು ಹೇಗೆ ಹಾಕಿಕೊಳ್ಳಬೇಕೆಂದು ಮೂವರಿಗೂ ತಿಳಿಯಲಿಲ್ಲ.

ಉಜ್ಜಿನಪ್ಪನಿಗೆ ಅಸಹ್ಯ ಹತ್ತಿತು. ಮೂವತ್ತು ವರ್ಷ ಎಷ್ಟೋ ಮೈಗಳ ಅಳತೆ ತೆಗೆದಿದ್ದ. ಗೂನುಬೆನ್ನು ಕಂಡಿದ್ದ, ಬೆವರು ಮೂಸಿದ್ದ, ಒಂದು ದಿನವೂ ಮೈ ಎಂಬುದರ ಬಗ್ಗೆ ಹೇಸಿಕೊಂಡವನಲ್ಲ. ಈಗ ಈ ಕೆಂಪು ಹೊಟ್ಟೆಯ ಮೇಲೆ ಟೇಪು ಸುತ್ತಿ, ಕಬ್ಬಿಣದ ಉಬ್ಬಿಗೆ ಇಂಚು ಹಾಕಿ, ಕಂಕುಳಿಗೆ ಕೈ ತೂರಿಸಿ ಹಿಡಿಕೆ ಎಲ್ಲಿ ಬರುತ್ತದೆಂದು ಮುಟ್ಟಿ ನೋಡುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಇಷ್ಟು ದೊಡ್ಡ ಮನುಷ್ಯ, ಮೊಮ್ಮಕ್ಕಳಾದವನು, ಹೊಸ ಆಟಿಕೆಯನ್ನು ಚಡ್ಡಿಯಲ್ಲಿ ಬಚ್ಚಿಡಲು ಹೆಣಗುತ್ತಿದ್ದ.

‘ಪೊಲೀಸ್ರು ತಡವಿದ್ರೂ ಗೊತ್ತಾಗಬಾರ್ದು ನೋಡು, ಅಂಥಾ ಜಾಗ ಬೇಕು,’ ಎಂದ ಸಾವುಕಾರ ಬೆವರು ಒರೆಸಿಕೊಳ್ಳುತ್ತ.

ಉಜ್ಜಿನಪ್ಪನ ಸಿಟ್ಟು ಆಗ ಬಾಯಿಗೆ ಬಂತು. ‘ನಿಮ್ಮ ಮೈಮ್ಯಾಲ ಪೊಲೀಸ್ರು ಮುಟ್ಟದ ಜಾಗ ಒಂದ ಐತ್ರಿ ಸಾವುಕಾರ್ರೇ. ಲಿಂಗದ ಚೀಲ. ಅದರಾಗ ಇಟ್ಕೊಂಡು ಬಿಡ್ರಿ, ಕತಿ ಮುಗೀತು.’

ಉಗಿದಂತೆ ಹೇಳಿದ ಮಾತು ಅದು. ಮಾನವಿದ್ದವನಾಗಿದ್ದರೆ ಎದ್ದು ಹೋಗುತ್ತಿದ್ದ, ಇಲ್ಲವೇ ಕಪಾಳಕ್ಕೆ ಬಾರಿಸುತ್ತಿದ್ದ. ಉಜ್ಜಿನಪ್ಪ ಎರಡಕ್ಕೂ ತಯಾರಾಗಿಯೇ ಇದ್ದ. ಸಾವುಕಾರ ಟವೆಲನ್ನು ಕುತ್ತಿಗೆಯ ಮೇಲೇ ಬಿಟ್ಟು ಅವನನ್ನೇ ನೋಡಿದ. ಆಮೇಲೆ ಅವನ ಮುಖ ಅರಳುತ್ತ ಹೋಯಿತು.

‘ಲೇ ಉಜ್ಜಿನಪ್ಪಾ! ಏನ್ ತಲಿಲೇ ನಿಂದು! ನನಗ ಹೊಳೀಲಿಲ್ಲ ನೋಡು ಇದು!’

‘ಅಯ್ಯ, ನಾ ಚ್ಯಾಷ್ಟಿಗಂದೆರಿ...’

‘ಚ್ಯಾಷ್ಟಿ ಏನ್ ಬಂತು? ನಮ್ಮ ಮುತ್ಯಾ ಹಾಕ್ಕೊಂತಿದ್ದ ನೋಡು, ಲಿಂಗ ಇಡೋ ಕರಡಿಗಿ, ವಿಭೂತಿ ಗಟ್ಟಿ, ರುದ್ರಾಕ್ಷಿ ಎಲ್ಲಾ ಹಿಡಿಯುವಂಥ ದೊಡ್ಡ ಚೀಲ, ಎಡಗಂಕುಳಾಗ. ಅಂಥಾದ್ದು ಹೊಲಿ. ಯಾವ ಮಗ ಕೈ ಹಾಕ್ತಾನ ಅದಕ್ಕ?’

‘ಸಾವುಕಾರ್ರೇ, ಪಾಪ ಬರ್ತೈತ್ರಿ. ಈ ಕೈಲೆ ನಾ ಮಠದ ಚೀಲ ಹೊಲಿತೀನಿ.’

ಸಾವುಕಾರ ಪಿಸ್ತೂಲನ್ನು ಎತ್ತಿ ದುರ್ಗೇಶನ ಕೈಗೆ ಕೊಟ್ಟ. ದನಿ ತಗ್ಗಿಸಿದ. ‘ಅದ ಹೇಳ್ಬೇಕಂತಿದ್ದೆ ನೋಡು. ಈ ಸಲ ದೀಕ್ಷೆ ಚೀಲ ರೆಡಿಮೇಡ್ ತರಿಸೋಣು ಅಂತ ಕಮಿಟ್ಯಾಗ ಮಾತು ಬಂದೈತಿ. ನಾನ ಬ್ಯಾಡ ಅಂದೆ. ಉಜ್ಜಿನಪ್ಪ ಅದಾನ, ನಮ್ಮಾಂವ ಅದಾನ ಅಂದೆ. ಏನು, ತಪ್ಪಂದ್ನೇನು?’

ಇಷ್ಟೇ. ಬೈಗುಳವಿಲ್ಲ, ಬೆದರಿಕೆಯಿಲ್ಲ. ಉಜ್ಜಿನಪ್ಪ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಅಪ್ಪನ ಕಾಲದಿಂದ ಬಂದ ಸೇವೆ ಯಾವುದೋ ಫ್ಯಾಕ್ಟರಿಯ ಪ್ಲಾಸ್ಟಿಕ್ ಜಿಪ್ಪಿನ ಪಾಲಾಗುವುದು ಕಣ್ಣಿಗೆ ಕಟ್ಟಿತು. ಅಕ್ಕ ಕೇಳಿದರೆ ಏನೆಂದು ಹೇಳಲಿ? ಆ ಸೇವೆ ಉಳಿಸಿಕೊಳ್ಳಲು ಅದಕ್ಕೇ ಮಸಿ ಬಳಿಯಬೇಕಿತ್ತು. ಇದು ಅವನಿಗೆ ಅರ್ಥವಾಗದೆ ಇರಲಿಲ್ಲ, ಚೆನ್ನಾಗಿಯೇ ಅರ್ಥವಾಗಿತ್ತು. ಆದರೂ, ‘ಎಡಕ್ಕೋ ಬಲಕ್ಕೋ?’ ಎಂದು ಕೇಳಿದ.

ಹೊಲಿದ. ಕೆಲಸಗೇಡಿಯಂತೆ ಹೊಲಿದಿದ್ದರೆ ಅವನನ್ನು ಅರ್ಧ ಕ್ಷಮಿಸಬಹುದಿತ್ತು. ಒಳಗೆ ದಪ್ಪ ಚರ್ಮದ ಪದರ ಕೊಟ್ಟ, ಹೊರಗೆ ಬಿಳಿ ಖಾದಿ. ಮೇಲಿನಿಂದ ದುಂಡನೆಯ ಕರಡಿಗೆ ಇದ್ದಂತೆ ಕಾಣಲೆಂದು ಮುಂದುಗಡೆ ತೆಂಗಿನ ಚಿಪ್ಪಿನ ತುಂಡು ಕೂರಿಸಿದ. ಲಿಂಗ ಕಟ್ಟುವ ಶಿವದಾರದಂತೆಯೇ ದಾರ ಹೊಸೆದ. ಮಷಿನ್ನಿನ ಹೊಲಿಗೆ ಹಾಕಿದರೆ ನೋಡಿದವರಿಗೆ ಅನುಮಾನ ಬಂದೀತೆಂದು ಕೈಯಲ್ಲೇ, ಮಠದ ಚೀಲದ ಅದೇ ಸಣ್ಣ ಹೊಲಿಗೆ ಹಾಕಿದ. ಮುಗಿಸಿ ಗೂಟಕ್ಕೆ ನೇತುಹಾಕಿ ದೂರ ನಿಂತು ನೋಡಿದಾಗ, ಎಷ್ಟು ಅಚ್ಚುಕಟ್ಟಾಗಿ ಬಂತಲ್ಲ ಎಂದು ಖುಷಿಯಾಯಿತು. ಆ ಖುಷಿಯಾದದ್ದು ತಿಳಿದಾಗ ಅವನಿಗೆ ತನ್ನ ಮೈಯೇ ನಾತ ಹೊಡೆದಂತಾಯಿತು. ಹೊರಗೆ ಹೋಗಿ ನಳದಡಿ ಕೈ ತಿಕ್ಕಿ ತಿಕ್ಕಿ ತೊಳೆದುಕೊಂಡ. ಸಂಜೆ ಮನೆಯಲ್ಲಿ ಅಕ್ಕ ರೊಟ್ಟಿ ಹಾಕುತ್ತ, ಅಂಗಡಿಯಲ್ಲಿ ಏನು ಕೆಲಸವಿತ್ತು ಎಂದು ಕೇಳಿದಾಗ, ‘ಜುಬ್ಬ’ ಎಂದ.

ಹದಿನೈದು ದಿನಕ್ಕೆ ಸಾವುಕಾರ ಮತ್ತೆ ಬಂದ, ಪೇಡೆಯ ಡಬ್ಬಿಯೊಂದಿಗೆ. ಮೋಕಾ ಊರಿನಲ್ಲಿ ಬೀಗರ ಮದುವೆಗೆ ಹಾಕಿಕೊಂಡು ಹೋಗಿದ್ದನಂತೆ, ಪಕ್ಕದಲ್ಲಿ ಕೂತು ಉಂಡವನಿಗೂ ಗೊತ್ತಾಗಲಿಲ್ಲವಂತೆ. ಆಮೇಲೆ ಬಳ್ಳಾರಿಯ ಮಾಲ್‌ಗೆ ಹೋದನಂತೆ. ಬಾಗಿಲಲ್ಲಿ ಸೆಕ್ಯೂರಿಟಿಯವನು ಕೈಯಲ್ಲಿ ಹಿಡಿದ ಮಷಿನ್ನು ಕುಯ್ಯೆಂದಿತಂತೆ.

‘ನಾ ಏನಂದೆ ಗೊತ್ತೇನು? ಚೀಲಕ್ಕ ಕೈ ಇಟ್ಟು, ಲಿಂಗಪ್ಪಾ ಇದು, ಬೆಳ್ಳಿ ಕರಡಿಗಿ ಅಂದೆ. ಅಂವ ಏನ್ ಮಾಡಿದ ಹೇಳು? ಕೈ ಮುಗದಲೇ! ಪಿಸ್ತೂಲಿಗೆ ಕೈ ಮುಗದ ಮಗ!’ ಸಾವುಕಾರ ಹೊಟ್ಟೆ ಹಿಡಿದು ನಕ್ಕ. ನಕ್ಕಾಗ ಎಡಗಂಕುಳ ಕೆಳಗಿನ ಬಿಳಿ ಚೀಲ ಅಲುಗಿತು.

‘ಮತ್ತ ಲಿಂಗ ಎಲ್ಲೈತ್ರಿ?’ ಎಂದು ಉಜ್ಜಿನಪ್ಪ ಕೇಳಿದ.

‘ಬೀರುವಿನಾಗ. ಬೆಳ್ಳಿ ಬಟ್ಟಲದಾಗ ಇಟ್ಟೀನಿ. ಎಲ್ಲಿಗೆ ಹೋಗ್ತೈತಿ ಅದು?’

ಉಜ್ಜಿನಪ್ಪ ಪೇಡೆ ಮುಟ್ಟಲಿಲ್ಲ. ಸಾವುಕಾರ ಹೋದ ಮೇಲೆ ಡಬ್ಬಿಯನ್ನು ಚರಂಡಿಗೆ ಎಸೆದ. ಎಸೆದುದರಿಂದ ಮನಸ್ಸಿನ ಹೇಸಿಕೆ ಏನೂ ಕಡಿಮೆಯಾಗಲಿಲ್ಲ, ಸೇವೆಯೂ ಕೈಯಲ್ಲೇ ಉಳಿದಿತ್ತು. ಮರುವಾರ ಕಮಿಟಿಯಿಂದ ನಲವತ್ತು ಚೀಲಕ್ಕೆ ಬಟ್ಟೆ ಬಂತು. ಸ್ನಾನ ಮಾಡಿ ವಿಭೂತಿ ಹಚ್ಚಿ ಕೂತರೂ ಸೂಜಿಗೆ ದಾರ ಏರಿಸುವುದೇ ಅವನಿಗೆ ಕಷ್ಟವಾಯಿತು.

ಮೇ ತಿಂಗಳಲ್ಲಿ ಮಠದ ಹೊಸ ಪ್ರಸಾದನಿಲಯದ ಉದ್ಘಾಟನೆ. ಮಧ್ಯಾಹ್ನ ಮಂತ್ರಿಯೊಬ್ಬರು ಬರುವವರಿದ್ದರು. ಹಾಗಾಗಿ ಬೆಳಿಗ್ಗೆಯಿಂದಲೇ ಬಾಗಿಲಲ್ಲಿ ಪೊಲೀಸರು, ನಡುವೆ ಹಾದು ಹೋಗುವ ಚೌಕಟ್ಟಿನ ಮಷಿನ್ನು. ಮಠಕ್ಕೆ ಬರುವವರಲ್ಲಿ ಅರ್ಧಕ್ಕೆ ಅರ್ಧ ಜನರ ಎದೆಯ ಮೇಲೆ ಬೆಳ್ಳಿ ಕರಡಿಗೆ. ಮಷಿನ್ನು ಕುಯ್ಯಿ ಕುಯ್ಯಿ ಎನ್ನುತ್ತಲೇ ಇತ್ತು. ಮೊದಮೊದಲು ಕೇಳಿದ ಪೊಲೀಸರು ಆಮೇಲೆ ‘ಲಿಂಗ ಏನ್ರಿ? ಹೋಗ್ರಿ, ಹೋಗ್ರಿ’ ಎಂದು ಬಿಡತೊಡಗಿದರು. ಚನ್ನವೀರಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು ಹಾದುಹೋದಾಗ ಒಬ್ಬ ಹುಡುಗ ಪೊಲೀಸ್ ತಲೆ ಬಾಗಿಸಿ ದಾರಿ ಬಿಟ್ಟ. ‘ಚಲೋ ಹುಡುಗ’ ಎಂದು ಅವಳು ತಮ್ಮನಿಗೆ ಹೇಳಿ, ಅಕ್ಕಿ ಆರಿಸಲು ಹಿಂದಿನ ಅಡುಗೆ ಮನೆಗೆ ಹೋದಳು. ಅದೇ ಬಾಗಿಲಲ್ಲಿ, ಅದೇ ಮರ್ಯಾದೆಯಲ್ಲಿ, ಸಾವುಕಾರನೂ ಒಳಗೆ ಬಂದ.

ಸಭೆಗೆ ಒಯ್ಯಬೇಡ ಎಂದು ಹೇಳಿಸಿಕೊಂಡು ಬಂದವನು ಮಂತ್ರಿ ಬರುವ ಸಭೆಗೇ ತಂದಿದ್ದ. ಅವನನ್ನು ಕಂಡ ಕೂಡಲೇ ಉಜ್ಜಿನಪ್ಪನ ಕಣ್ಣು ಎಡಗಂಕುಳಿಗೆ ಹೋಯಿತು. ಹೊಲಿದವನಿಗೆ ಗೊತ್ತಾಗದೆ ಇರುತ್ತದೆಯೇ? ಚೀಲ ತೂಕದಿಂದ ಜಗ್ಗಿತ್ತು.

ಮಂತ್ರಿ ಬರುವುದು ತಡವಾಯಿತು. ಜನ ಗುಜುಗುಜು ಮಾಡತೊಡಗಿದಾಗ ಮಠದ ಹಿರಿಯ ಸ್ವಾಮಿಗಳು ಮೈಕಿನಲ್ಲಿ, ‘ಸುಮ್ಮನೆ ಯಾಕೆ ಕೂತಿರಿ? ಎಲ್ಲರೂ ಇಷ್ಟಲಿಂಗವನ್ನು ಅಂಗೈಗೆ ತೆಗೆದುಕೊಳ್ಳಿ, ಪೂಜೆ ಮಾಡೋಣ’ ಎಂದರು. ಸಭೆಯೆಲ್ಲ ಒಮ್ಮೆಲೇ ಅಲುಗಿತು. ಗಂಟು ಬಿಚ್ಚುವ ಸದ್ದು, ಕರಡಿಗೆಯ ಮುಚ್ಚಳ ತೆಗೆಯುವ ಸದ್ದು. ನೂರಾರು ಎಡಗೈಗಳು ಎದೆಯ ಮಟ್ಟಕ್ಕೆ ಬಂದವು.

ಮುಂದಿನ ಸಾಲಿನ ನಡುವೆ ಕೂತಿದ್ದ ಅಧ್ಯಕ್ಷ ಸಾವುಕಾರರು ಕಣ್ಣು ಮುಚ್ಚಿಕೊಂಡರು. ಎಡಗೈ ಎತ್ತಿ ಅದರ ಮೇಲೆ ಶಾಲು ಎಳೆದುಕೊಂಡರು. ಮೂರನೆಯ ಸಾಲಿನಿಂದ ಉಜ್ಜಿನಪ್ಪ ನೋಡುತ್ತಿದ್ದ. ಥೂ, ಎಂದುಕೊಂಡ. ಬರಿಗೈಗೆ ಪೂಜೆ ಮಾಡಿಕೊಳ್ಳುತ್ತಾನಲ್ಲ ಇವನು, ಎಂದುಕೊಂಡ. ಎದ್ದು ನಿಂತು ಹೇಳಬೇಕು ಅನ್ನಿಸಿತು, ಏಳಲಿಲ್ಲ.

ತಂಬಿಗೆ ಹಿಡಿದ ಒಬ್ಬ ಮುದುಕ ಜಂಗಮರು ಒಬ್ಬೊಬ್ಬರ ಲಿಂಗಕ್ಕೂ ನೀರು ಹಾಕುತ್ತ ಬಂದರು. ಸಾವುಕಾರನ ಮುಂದೆ ನಿಂತು ಶಾಲು ಸರಿಸಿದರು. ಅಂಗೈ ಬರಿದಾಗಿತ್ತು.

‘ಲಿಂಗ ಎಲ್ಲೈತ್ರೀ ಅಧ್ಯಕ್ಷರೇ?’

‘ಚೀಲದಾಗ ಐತಿ. ನೀವ್ ಮುಂದ ಹೋಗ್ರಿ.’

ಪಾಪ, ಆ ಮುದುಕರಿಗೆ ಕಪಟ ತಿಳಿಯದು. ಸ್ಥೂಲದೇಹ, ಗಂಟು ಬಿಚ್ಚಲು ಕೈ ನಿಲುಕುತ್ತಿಲ್ಲ ಎಂದುಕೊಂಡರು. ‘ಇರ್ಲಿ, ನಾ ತಗದು ಕೊಡ್ತೀನಿ’ ಎಂದು ತಂಬಿಗೆ ಕೆಳಗಿಟ್ಟು ಚೀಲಕ್ಕೆ ಕೈ ಹಾಕಿದರು. ಸಾವುಕಾರ ಅವರ ಕೈ ಹಿಡಿದ. ಅವರು ನಗುತ್ತ ಇನ್ನೊಂದು ಕೈ ಹಾಕಿದರು. ಸಾವುಕಾರ ಕೊಸರಿಕೊಂಡ. ಚೀಲದ ಬಾಯಿ ತೆರೆದು, ಕರ್ರಗಿನ ಹಿಡಿಕೆ ಜಂಗಮರ ವಿಭೂತಿ ಬೆರಳುಗಳಿಗೆ ಸಿಕ್ಕಿತು.

ಆಮೇಲೆ ಆದದ್ದು ಬೇಗ ಬೇಗ ಆಯಿತು. ಯಾರೋ ಕಿರುಚಿದರು. ನಾಲ್ವರು ಪೊಲೀಸರು ಸಾವುಕಾರನನ್ನು ಅದುಮಿ ಹಿಡಿದರು. ಜಂಗಮರು ಆ ಬೆರಳುಗಳನ್ನು ಮೈಯಿಂದ ದೂರ ಚಾಚಿಕೊಂಡು ಅಲ್ಲೇ ಕೂತುಬಿಟ್ಟರು. ‘ಲೈಸೆನ್ಸ್ ಐತಿ! ಲೈಸೆನ್ಸ್ ಐತಿ!’ ಎಂದು ಸಾವುಕಾರ ಕೂಗಿದ. ಅದಕ್ಕೆ ಯಾರೂ ಬೆಲೆ ಕೊಡದಿದ್ದಾಗ ಕಣ್ಣು ಹೊರಳಿಸಿ ಹುಡುಕಿ ಬೆರಳು ಮಾಡಿದ. ‘ಅಂವ ಹೊಲ್ದಿದ್ದು! ಉಜ್ಜಿನಪ್ಪ! ಲಿಂಗದ ಚೀಲದಾಗ ಇಡ್ರಿ, ಯಾರೂ ಮುಟ್ಟಂಗಿಲ್ಲ ಅಂದಾಂವ ಅವನ!’

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಊರಿನವರ ಮುಖಗಳೆಲ್ಲ ಉಜ್ಜಿನಪ್ಪನ ಕಡೆ ತಿರುಗಿದವು. ಎಡ ಅಂಗೈಯಲ್ಲಿ ಲಿಂಗ ಹಿಡಿದುಕೊಂಡೇ ನೋಡುತ್ತಿದ್ದರು. ಪಕ್ಕದಲ್ಲಿದ್ದವನು ಮೊಣಕಾಲು ಎಳೆದುಕೊಂಡು ದೂರ ಸರಿದ. ಇನ್ಸ್‌ಪೆಕ್ಟರ್ ಅವನ ಹೆಸರು ಬರೆದುಕೊಂಡು, ಆ ಕಂಬದ ಹತ್ತಿರ ನಿಂತಿರು, ಎಲ್ಲೂ ಹೋಗಬೇಡ ಎಂದ. ಸಾವುಕಾರನನ್ನು ಜೀಪಿಗೆ ಹತ್ತಿಸಿದ ಮೇಲೆ ಮೈಕು ತೆಗೆದುಕೊಂಡು ಹೇಳಿದ: ಮಂತ್ರಿಗಳು ಬರುವುದರೊಳಗೆ ಪ್ರತಿಯೊಬ್ಬರೂ ತಮ್ಮ ಲಿಂಗದ ಚೀಲ, ಕರಡಿಗೆ ತೆರೆದು ತೋರಿಸಬೇಕು. ಗಂಡಸರು ಈ ಕಡೆ, ಹೆಂಗಸರು ಆ ಕಡೆ.

ಸ್ವಾಮಿಗಳು ಏನೋ ಹೇಳಹೋದರು, ಅರ್ಧಕ್ಕೇ ನಿಲ್ಲಿಸಿದರು. ಯಾವ ಬಾಯಿಂದ ಬೇಡ ಎನ್ನುತ್ತಾರೆ? ಸಾಲು ನಿಂತಿತು. ಬದುಕಿನುದ್ದಕ್ಕೂ ಹೆಂಡತಿಯ ಕೈಗೂ ಕೊಡದ ಕರಡಿಗೆಯನ್ನು ಮುದುಕನೊಬ್ಬ ಪೊಲೀಸನ ಕೈಗೆ ಕೊಟ್ಟ. ಪೊಲೀಸನು ಅದನ್ನು ಅಲುಗಾಡಿಸಿ ನೋಡಿದ. ಮುದುಕನ ಕಣ್ಣಲ್ಲಿ ನೀರು ಬಂತು. ಬೆಳಿಗ್ಗೆ ತಲೆ ಬಾಗಿಸಿದ್ದ ಆ ಹುಡುಗ ಪೊಲೀಸ್ ಈಗ ತಲೆ ಎತ್ತದೆ ಚೀಲಗಳನ್ನು ಹಿಸುಕಿ ಹಿಸುಕಿ ನೋಡುತ್ತಿದ್ದ. ಉಜ್ಜಿನಪ್ಪ ಒಂದೊಂದನ್ನೂ ಗುರುತಿಸಿದ. ಎಲ್ಲ ತನ್ನ ಹೊಲಿಗೆ, ತನ್ನ ಅಪ್ಪನ ಹೊಲಿಗೆ. ಕಣ್ಣು ಮುಚ್ಚದೆ ನೋಡುತ್ತಲೇ ನಿಂತ.

ಹೆಂಗಸರ ಸಾಲಿಗೆ ಚನ್ನವೀರಮ್ಮ ಕೊನೆಗೆ ಬಂದಳು. ಅಡುಗೆ ಮನೆಯಲ್ಲಿದ್ದವಳಿಗೆ ಗಲಾಟೆಯ ತಲೆಬುಡ ಗೊತ್ತಿರಲಿಲ್ಲ. ಸೆರಗಿನಲ್ಲಿ ಇನ್ನೂ ಅಕ್ಕಿನುಚ್ಚು ಇತ್ತು.

‘ಅಮ್ಮಾ, ಚೀಲ ತೋರಿಸ್ರಿ,’ ಎಂದಳು ಮಹಿಳಾ ಪೊಲೀಸ್.

‘ಇದನ್ನ ಯಾರ್ ಕೈಗೂ ಕೊಡಂಗಿಲ್ಲ ನಮ್ಮವ್ವಾ.’

‘ಆರ್ಡರ್ ಐತ್ರಿ. ಎಲ್ಲಾರೂ ತೋರಿಸ್ಯಾರ.’

ಚನ್ನವೀರಮ್ಮ ನಕ್ಕಳು. ಏನೂ ತಿಳಿಯದ ಮಗುವಿಗೆ ಹೇಳುವಂತೆ ಹೇಳಿದಳು, ‘ಇದು ನನ್ನ ತಮ್ಮ ಉಜ್ಜಿನಪ್ಪ ಹೊಲ್ದಿದ್ದವ್ವಾ. ಈ ಮಠದ ಚೀಲ ಎಲ್ಲಾ ಅಂವನ ಹೊಲಿಯೋದು, ಕೈಲೆ. ಅಂವ ಹೊಲ್ದಿದ್ರಾಗ ಏನ್ ಇರ್ತೈತಿ ಅಂತ ನೋಡ್ತೀ?’

ಹೆಸರು ಕೇಳಿದ್ದೇ ತಡ, ಆ ಮಹಿಳಾ ಪೊಲೀಸಿನ ಮುಖ ಬದಲಾಯಿತು. ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ‘ಸರ್, ಇದೂ ಅವನ ಹೊಲಿದಿದ್ದಂತ್ರಿ! ಅವನ ಅಕ್ಕ ಅಂತ!’ ಎಂದು ಕೂಗಿದಳು. ಇನ್ಸ್‌ಪೆಕ್ಟರ್ ಬಂದು ಬೆರಳಲ್ಲಿ ಒತ್ತಿ ನೋಡಿ, ಒಳಪದರ ಎರಡಿದೆ, ಹೊಲಿಗೆ ಬಿಚ್ಚಬೇಕು ಎಂದ. ಯಾರೋ ಬ್ಲೇಡು ತಂದರು.

ಚನ್ನವೀರಮ್ಮ ಎರಡೂ ಕೈಯಿಂದ ಚೀಲ ಹಿಡಿದುಕೊಂಡು ಸುತ್ತ ನೋಡಿದಳು. ಕಂಬದ ಹತ್ತಿರ ತಮ್ಮ ಕಂಡ. ಅವಳ ಜೀವಕ್ಕೆ ಜೀವ ಬಂತು.

‘ಉಜ್ಜಿನೀ, ಬಾರಪ್ಪಾ ಇಲ್ಲಿ. ಇವ್ರಿಗೆ ಹೇಳು. ಇವ್ರಿಗೆ ಗೊತ್ತಿಲ್ಲ, ಬ್ಲೇಡ್ ಹಚ್ಚಾಕ ಬಂದಾರ. ಒಂದ್ ಮಾತ್ ಹೇಳು ತಮ್ಮಾ.’

ಉಜ್ಜಿನಪ್ಪ ಹೋದ. ಜನ ಮೈ ತಾಗದಂತೆ ದಾರಿ ಬಿಟ್ಟರು. ಅಕ್ಕ ಚೀಲವನ್ನು ಅವನ ಕಡೆ ಎತ್ತಿ ಹಿಡಿದಳು. ಅವನು ಅವಳ ಮುಖ ನೋಡಲಿಲ್ಲ, ಮಹಿಳಾ ಪೊಲೀಸಿನ ಕೈಯಲ್ಲಿದ್ದ ಬ್ಲೇಡನ್ನು ನೋಡಿದ.

‘ಬಿಚ್ಚಿ ನೋಡ್ರಿ ಮೇಡಂ,’ ಎಂದ. ‘ನಾನ ಹೊಲ್ದಿದ್ದು ಅದು.’